ರೊಟ್ಟಿಯ ಮೇಲಿನ ತೊಗರಿ ಚುಕ್ಕಿ

ಒಂದೂರಿನಲ್ಲಿ ಒಬ್ಬ ರಾಕ್ಷಸನಿದ್ದ. ಊರು ಖಜೂರಿ, ರಾಕ್ಷಸನ ಹೆಸರು ಕಲ್ಯಾಣಕುಮಾರ. ಕಣ್ಣಿಲ್ಲದ ಹೆಂಡತಿ ಶಾಂಭವಿಯ ದವಡೆಯನ್ನು ಒನಕೆಯಿಂದ ಮುರಿದು, ಈಗ ಪಡಸಾಲೆಯ ನೆಲದೊಳಗೆ ಕಾಳು ತುಂಬಿಡುವ ಹಗೇವಿನ ಮುಚ್ಚುಗಲ್ಲಿನ ಮೇಲೆ ಕಾಲೂರಿ ನಿಂತಿದ್ದ. “ಇಕಿ ಬಿದ್ದಾಳ್ರಿ ಸಾಹೇಬ್ರ. ನಮ್ಮವ್ವ ಅಕ್ಕಲಕೋಟಿಗಿ ಹೋಗ್ಯಾಳ,” ಎಂದ, ವಿಚಾರಿಸಲು ಬಂದ ಪೊಲೀಸ್ ಜಮಾದಾರನಿಗೆ.

ಮಾತಾಡಲಾಗದ ಶಾಂಭವಿ ಒಲೆಯ ಮುಂದಿನ ಹಸಿ ರೊಟ್ಟಿಗೆ ತೊಗರಿ ಕಾಳು ಒತ್ತತೊಡಗಿದಳು. ಬಾಯಿಂದ ರಕ್ತ ಹನಿಯುತ್ತಿತ್ತು. ಅವು ಬ್ರೈಲ್ ಚುಕ್ಕಿಗಳೆಂದು ಜಮಾದಾರನೊಂದಿಗೆ ಬಂದಿದ್ದ ತಂಗಿ ವಿಜಯಶ್ರೀಗೆ ಗೊತ್ತಾಯಿತು.

“ಅಕ್ಕ ಬರೀತಾಳ, ತಂಗಿ ಓದ್ತಾಳ! ಛಲೋ ನಾಟಕ ನಡಸ್ಯಾರ,” ಎಂದು ಕಲ್ಯಾಣಕುಮಾರ ನಕ್ಕ.

“ನಾ ಓದಂಗಿಲ್ರಿ, ಇದು ಓದ್ತದ,” ಎಂದು ವಿಜಯಶ್ರೀ ಚೀಲದಿಂದ ಅಂಗೈಯಗಲದ ಯಂತ್ರ ತೆಗೆದಳು. ‘ನಿನ್ನ ಚುಕ್ಕಿ ಕಣ್ಣಿದ್ದವರೂ ಓದೂಹಂಗ ಮಾಡ್ತೇನಿ’ ಎಂದು ಅಕ್ಕನಿಗೆ ಮಾತು ಕೊಟ್ಟು ಅವಳೇ ಕಟ್ಟಿದ್ದು. ಬಿಳಿ ಹಾಳೆಯ ಬಿಳಿ ಚುಕ್ಕಿ ಕ್ಯಾಮೆರಾಕ್ಕೆ ಕಾಣದೆ ಪ್ರತಿ ಸಲವೂ ಅದು ಸೋತಿತ್ತು. ಜೋಳದ ಬಿಳಿ ಹಿಟ್ಟಿನ ಮೇಲೆ ಕೆಂಪು ತೊಗರಿ ಕಂಡಿತು. ಪರದೆಯ ಮೇಲೆ, ಶಾಂಭವಿ ಅವನ ಅವ್ವನನ್ನು ಕರೆಯುವ ಎರಡಕ್ಷರ ಮೂಡಿತು: ‘ಅತ್ತಿ’.

ಒನಕೆ ಬೀಸಿ ಬಂತು. ಅಡ್ಡ ಹಿಡಿದ ವಿಜಯಶ್ರೀಯ ಎಡಗೈಯ ಎಲುಬು ಕಟ್ಟಿಗೆಯಂತೆ ಲಟಕ್ಕೆಂದು ಮುರಿಯಿತು. ಎರಡನೆಯ ಏಟು ಹೆಗಲಿಗೆ ಬಿತ್ತು. ಬಲಗೈಯಲ್ಲಿದ್ದ ಯಂತ್ರವನ್ನು ಅವಳು ರೊಟ್ಟಿಯ ಮೇಲಿಂದ ಸರಿಸಲಿಲ್ಲ.

“ಬಿಡಲೇ ಮಗನ!” ಜಮಾದಾರ ಅವನನ್ನು ಕೆಡವಿ ಎದೆಯ ಮೇಲೆ ಮೊಣಕಾಲೂರಿದ. ವಿಜಯಶ್ರೀ ಪರದೆಯನ್ನು ಜಮಾದಾರನತ್ತ ತಿರುಗಿಸಿದಳು. ಬ್ರೈಲಿನ ಒಂದು ಚುಕ್ಕಿಯೂ ಗೊತ್ತಿಲ್ಲದ ಆ ಮನುಷ್ಯ ಗಟ್ಟಿಯಾಗಿ ಓದಿದ:

“ಅತ್ತಿ ಹಗೇವಿನಾಗ. ಜೀವ ಅದ.”