ಹೊರಡುವಾಗಿನ ಮಾತು

ಹಾಯಿದೋಣಿ ಹೊರಟು ವಾರವಾಗಿತ್ತು. ಮೆಡಿಟರೇನಿಯನ್ ಸಮುದ್ರ ಎಷ್ಟು ದೊಡ್ಡದಾದರೇನು, ಅವಳ ಪಾಲಿಗೆ ಬಂದದ್ದು ಕಾಲು ಚಾಚಲಾಗದ ಕ್ಯಾಬಿನ್ನು, ಮೂರು ಹೊತ್ತೂ ಗಂಡನ ಅಪ್ಪಣೆ. ಮನೆಯಲ್ಲೂ ಹಾಗೇ. ಒಮ್ಮೆ ತವರಿಗೆ ಹೊರಟಾಗ ಬಾಯಿತಪ್ಪಿ "ಹೋಗ್ತೀನಿ" ಎಂದವಳನ್ನು ಹೊಸ್ತಿಲಿಂದ ವಾಪಸು ಕರೆದು, "ಹೋಗಿ ಬರ್ತೀನಿ" ಎಂದು ಹೇಳಿಸಿಯೇ ಕಳಿಸಿದ್ದ.

ದೋಣಿ ಪುಟ್ಟ ದ್ವೀಪವೊಂದರ ಕಟ್ಟೆಗೆ ತಾಗಿತು. ಪಕ್ಕದಲ್ಲೇ ಆಚೆ ದಡಕ್ಕೆ ಹೊರಡುವ ಹಡಗು ಜನರನ್ನು ಹತ್ತಿಸಿಕೊಳ್ಳುತ್ತಿತ್ತು.

"ಬ್ರೆಡ್ ತಗೊಂಡು ಬೇಗ ಬಾ. ಊರು ನೋಡ್ತಾ ನಿಂತ್ಕೋಬೇಡ," ಎಂದ ಗಂಡ, ಹಗ್ಗ ಕಟ್ಟುತ್ತ.

ಅವಳು ಪಾಸ್‌ಪೋರ್ಟಿದ್ದ ಚೀಲವನ್ನು ಹೆಗಲಿಗೇರಿಸಿ ದಡಕ್ಕೆ ಕಾಲಿಟ್ಟಳು.

"ಹೋಗ್ತೀನಿ."

"ಏಯ್, ಏನಂದೆ? ಸರಿಯಾಗಿ ಹೇಳು!" ಅವನು ತಲೆಯೆತ್ತಿ ಗದರಿದ.

ಹಡಗಿನ ಮೆಟ್ಟಿಲ ಬಳಿ ಅವಳು ಒಮ್ಮೆ ತಿರುಗಿದಳು.

"ಸರಿಯಾಗೇ ಹೇಳಿದೀನಿ ರೀ."