ಕಳಲೆ ಮೆಳೆಯ ಜಾಂಬಿ

ಚೆರಿ ಹೂವೆಲ್ಲ ಉದುರಿ ಕೆಳಗಿನ ಗದ್ದೆಗಳಿಗೆ ನೀರು ಬಿಟ್ಟಾಗಿತ್ತು. ಬಿದಿರ ಮೆಳೆಯಲ್ಲಿ ಬೆಳಗಾಗುವುದರೊಳಗೆ ಕಳಲೆಗಳು ನೆಲ ಒಡೆದು ಮೂಗು ತೋರಿಸುವ ಕಾಲ. ಆ ಭಾನುವಾರವೂ ಸಾವಾಕೊ ಗುಡ್ಡದ ಬುಡದ ಟೆಂಟಿನಲ್ಲಿ ಕೂತು, ತನ್ನ ಮೈದಾನಕ್ಕೆ ಯುದ್ಧದಾಟ ಆಡಲು ಬಂದವರ, ಪ್ಲಾಸ್ಟಿಕ್ ಕಾಳು ಹಾರಿಸುವ ಏರ್‌ಸಾಫ್ಟ್ ಬಂದೂಕುಗಳನ್ನು ವೇಗ ಅಳೆಯುವ ಪೆಟ್ಟಿಗೆಗೆ ಹಿಡಿದು, ಸರಿಯಿದ್ದವಕ್ಕೆ ಹಳದಿ ಪಟ್ಟಿ ಕಟ್ಟಿ ಕಳಿಸಿದ್ದಳು. ಕಾನೂನಿನ ಮಿತಿಯನ್ನು ಕೂದಲೆಳೆಯಷ್ಟು ದಾಟಿದರೂ ಅದು ಆಟದ ಸಾಮಾನಲ್ಲ, ಆಯುಧ; ಹಿಡಿದವನ ಜೊತೆ ಅವಳೂ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕಾದೀತು.

ಮೊದಲ ಆಟ ಅರ್ಧಕ್ಕೆ ಬಂದಿರಬೇಕು, ಡ್ರೈವಿಂಗ್ ಶಾಲೆಯ ಮೇಷ್ಟ್ರು ಕುರಾಮೊಚಿ ಕೆಂಪು ಮುಖ ಮಾಡಿಕೊಂಡು ಇಳಿದು ಬಂದ. ಬೆಳಿಗ್ಗೆ ಅವನ ಹೊಚ್ಚ ಹೊಸ ಬಂದೂಕು ಮಿತಿ ದಾಟಿದ್ದಕ್ಕೆ ಸಾವಾಕೊ ಅದನ್ನು ಚೀಲಕ್ಕೆ ಹಾಕಿಸಿ, ಬಾಡಿಗೆಯ ಹಳೆಯದೊಂದನ್ನು ಕೈಗೆ ಕೊಟ್ಟಿದ್ದಳು. ಆ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಅಕ್ಕಾ, ಮೇಲಿನ ಮೆಳೇಲಿ ಒಬ್ಬ ಜಾಂಬಿ ಇದಾನೆ!"

ಕಾಳು ತಾಗಿದವನು ತಾನೇ ಕೈಯೆತ್ತಿ 'ತಾಗ್ತು' ಎಂದು ಕೂಗಿ ಹೊರನಡೆಯಬೇಕು. ಇಡೀ ಆಟ ನಿಂತಿರುವುದು ಆ ಒಂದು ನಂಬಿಕೆಯ ಮೇಲೆ. ತಾಗಿದರೂ ಸುಮ್ಮನಿರುವವನೇ ಜಾಂಬಿ. ಅವನ ಮುಖಕ್ಕೆ ಹೊಡೆದ ಹಾಗೆ ಅಂದುಬಿಡುವಂತಿಲ್ಲ, ಸಾವಾಕೊ ಹತ್ತಿರ ಬಂದು ಹೇಳಬೇಕು.

"ಎಷ್ಟು ಸಲ ಹೊಡೆದೆ?"

"ಐದು! ಐದೂ ಬೆನ್ನಿಗೇ. ಟಪ್ ಟಪ್ ಅಂದದ್ದು ನನಗೇ ಕೇಳಿಸ್ತು. ಪುಣ್ಯಾತ್ಮ ಬೆನ್ನು ಕೆರ್ಕೊಂಡ, ಅಷ್ಟೆ. ನೀವು ಕೊಟ್ಟ ಈ ಮುದಿ ಬಂದೂಕಲ್ಲಿ ಹೊಡೆದ್ರೆ ಯಾರಿಗೆ ನಾಟುತ್ತೆ ಹೇಳಿ!"

"ಯಾವ ತಂಡದವನು? ತೋಳಿನ ಪಟ್ಟಿ ಯಾವ ಬಣ್ಣ?"

"ಪಟ್ಟಿ ಕಾಣಿಸ್ಲಿಲ್ಲ. ಆದ್ರೆ ವೇಷ ಮಾತ್ರ ಮೆಚ್ಚಬೇಕು ಅಕ್ಕಾ. ಹುಲ್ಲಿನ ಟೋಪಿ, ಕುತ್ತಿಗೆಗೆ ಟವೆಲ್ಲು, ರಬ್ಬರ್ ಬೂಟು, ಕೈಯಲ್ಲಿ ಗುದ್ದಲಿ! ಥೇಟ್ ನಿಮ್ಮೂರ ರೈತ."

ಸಾವಾಕೊಳ ಕೈಯಲ್ಲಿದ್ದ ಚಹಾ ಲೋಟ ಅಲ್ಲೇ ನಿಂತಿತು. ಮರುಕ್ಷಣ ಅವಳು ಸೀಟಿ ಊದಿ ಆಟ ನಿಲ್ಲಿಸಿ, ಗುಡ್ಡ ಹತ್ತತೊಡಗಿದ್ದಳು. ಪಕ್ಕದ ಜಮೀನಿನ ನೆಮೊತೊ ಅಜ್ಜ! ಕಳೆದ ಚಳಿಗಾಲದಲ್ಲಿ ಈ ಮೈದಾನ ಮುಚ್ಚಿಸಬೇಕೆಂದು ಅರ್ಧ ಊರು ಎದ್ದು ನಿಂತಾಗ ಹಿರಿಯನಾಗಿ ಮಾತು ಮುಗಿಸಿದವನು ಅವನೇ. "ಊರವರೊಬ್ಬರಿಗೂ ಒಂದು ಕಾಳೂ ತಾಗಬಾರದು. ತಾಗಿದ ದಿನವೇ ಗೇಟಿಗೆ ಬೀಗ" ಎಂದಿದ್ದ, ಅವಳು ಸೊಂಟ ಬಗ್ಗಿಸಿ ಒಪ್ಪಿಕೊಂಡಿದ್ದಳು. ಆಟಗಾರರಾದರೆ ಹೊಣೆ ತಮ್ಮದೆಂದು ಸಹಿ ಹಾಕಿ, ಕಣ್ಣು ಕಾಯುವ ಕನ್ನಡಕ ಬಿಗಿದುಕೊಂಡೇ ಒಳಗೆ ಬರುವವರು. ಅಜ್ಜನಿಗೆ ಸಹಿಯೂ ಇಲ್ಲ, ಕನ್ನಡಕವೂ ಇಲ್ಲ. ಒಂದು ಕಾಳು ಕಣ್ಣಿಗೆ ಬಿದ್ದಿದ್ದರೆ?

"ಅಕ್ಕಾ, ಅಂದ್ರೆ ನಿಜವಾದ ರೈತನಾ?" ಹಿಂದಿನಿಂದ ಕುರಾಮೊಚಿ ಏದುಸಿರು ಬಿಟ್ಟ.

"ಬಾಯಿ ಮುಚ್ಕೊಂಡು ಹತ್ತು."

ಬಿದಿರ ನೆರಳಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಅಜ್ಜ ಇವರನ್ನು ಕಂಡದ್ದೇ, ಕುತ್ತಿಗೆಯ ಟವೆಲ್ಲನ್ನು ಸರಕ್ಕನೆ ಎಳೆದು ಬುಟ್ಟಿಯ ಮೇಲೆ ಹೊದಿಸಿದ. ಆಮೇಲೆ ಎದ್ದು ನಿಂತು ಬಗ್ಗಿದ. ಸಾವಾಕೊ ಅವನಿಗಿಂತ ಕೆಳಗೆ ಬಗ್ಗಿದಳು. ಕುರಾಮೊಚಿ ಮೊಣಕಾಲೂರಿ ಹಣೆಯನ್ನೇ ಮಣ್ಣಿಗೆ ಹಚ್ಚಿದ. ಮೊದಲು ತಲೆ ಎತ್ತುವವರು ಯಾರೆಂದು ಮೂವರೂ ಕಾದರು.

"ತಪ್ಪಾಯ್ತು ತಾಯಿ," ಅಜ್ಜನೇ ಬಾಯಿಬಿಟ್ಟ. "ನಿನ್ನ ಬೇಲಿಯ ಬಲೆ ದಾಟಿ ಬಂದೆ. ನಮ್ಮ ಕಡೆ ಕಳಲೆ ಈ ವರ್ಷ ಕಲ್ಲು ಕಲ್ಲು."

"ಕಳಲೆ ಹಾಳಾಗ್ಲಿ ಅಜ್ಜಾ! ಕಣ್ಣಿಗೇನೂ ಆಗಿಲ್ವಲ್ಲ?"

"ಕಣ್ಣಿಗೇನಾಗುತ್ತೆ? ಬೆನ್ನಿಗೆ ಒಂದೇ ಸಮ ನುಸಿ ಕಚ್ತಾ ಇತ್ತು, ಅದೊಂದೇ."

"ಆ ನುಸಿ ನಾನೇ ಅಜ್ಜಾ," ಎಂದಿತು ಮಣ್ಣಿಗೆ ಅಂಟಿದ್ದ ತಲೆ.

ಅಜ್ಜ ಅಂಗಿಯ ಕಾಲರಿಗೆ ಕೈ ಹಾಕಿ ಬಿಳಿ ಕಾಳೊಂದನ್ನು ಹೆಕ್ಕಿ ತೆಗೆದ. ಅಂಗೈಯಲ್ಲಿ ಹೊರಳಿಸಿ ನೋಡಿದ. ಆಮೇಲೆ ಸಾವಾಕೊಳ ಮುಖ ನೋಡಿದ; ಅವಳ ಕಣ್ಣು ಬುಟ್ಟಿಯ ಮೇಲಿತ್ತು. ಟವೆಲ್ಲಿನ ಅಂಚಿನಿಂದ ಕಳಲೆಗಳ ತುದಿ ಇಣುಕುತ್ತಿತ್ತು.

"ಬೀಗದ ಮಾತು ಬಿಡು," ಎಂದ ಅಜ್ಜ ನಿಧಾನವಾಗಿ. "ನಾನಿಲ್ಲಿ ಏನು ಮಾಡ್ತಿದ್ದೆ ಅಂತ ನಮ್ಮವಳ ಕಿವಿಗೆ ಬೀಳದೇ ಇದ್ರೆ ಸಾಕು. ಆದ್ರೆ ಏಟು ತಿಂದು ಸುಮ್ನೆ ಮನೆಗೆ ಹೋಗೋ ಜಾತಿ ನಂದಲ್ಲ. ಏಳೋ ನುಸಿ. ಆ ಬಂದೂಕು ಹೇಗೆ ಹಿಡಿಯೋದು, ತೋರಿಸು."

ಟೆಂಟಿನ ಮುಂದೆ ಎರಡೂ ತಂಡದವರು ಸಾಲಾಗಿ ನಿಂತರು. ಸಾವಾಕೊ ಮೊದಲು ಅಜ್ಜನ ಸಹಿ ಹಾಕಿಸಿ, ಕನ್ನಡಕವನ್ನು ತಾನೇ ಬಿಗಿದಳು. ಕುರಾಮೊಚಿ ದೂರ ಹೋಗಿ ಬೆನ್ನು ಕೊಟ್ಟು ನಿಂತ. ಅಜ್ಜ ನಾಲಿಗೆ ಕಚ್ಚಿಕೊಂಡು, ಗುರಿ ಹಿಡಿದು, ಹಿಡಿದು, "ಅಜ್ಜಾ, ಊಟದ ಹೊತ್ತಾಯ್ತು!" ಎಂದು ಯಾರೋ ಕೂಗುವಷ್ಟು ಹೊತ್ತು ಹಿಡಿದು, ಕೊನೆಗೆ ಒತ್ತಿದ. ಕಾಳು ಹೋಗಿ ಕುಂಡೆಗೆ ತಾಗಿತು.

"ತಾಗ್ತೂ!" ಕುರಾಮೊಚಿ ಎರಡೂ ಕೈ ಎತ್ತಿ ಕಿರುಚಿದ ರಭಸಕ್ಕೆ ಗದ್ದೆಯ ಕಪ್ಪೆಗಳು ಗಪ್‌ಚಿಪ್ಪಾದವು. ಸಾವಾಕೊ ನಗುತ್ತ ನಗುತ್ತ ಅಲ್ಲೇ ಕುಸಿದು ಕೂತಳು.

"ಇನ್ನೂ ನಾಲ್ಕಿದೆ, ಹೊಡೀರಿ ಅಜ್ಜಾ!" ಎಂದರು ಹುಡುಗರು.

"ಎಲ್ಲಾ ಒಂದೇ ದಿನ ವಸೂಲಿ ಮಾಡಿದ್ರೆ ಆಮೇಲೇನು ಮಾಡ್ಲಿ? ಭಾನುವಾರಕ್ಕೊಂದು," ಎಂದು ಅಜ್ಜ ಬಂದೂಕನ್ನು ಕುರಾಮೊಚಿಗೇ ಕೊಟ್ಟು, ಕನ್ನಡಕದ ಮೇಲೇ ಟೋಪಿ ಇಟ್ಟು, ಗುದ್ದಲಿ ಹೆಗಲಿಗೇರಿಸಿ ಮತ್ತೆ ಗುಡ್ಡ ಹತ್ತಿದ.

"ಅಜ್ಜಾ, ನಿಮ್ಮ ಜಮೀನು ಆ ಕಡೆ!" ಸಾವಾಕೊ ಕೂಗಿದಳು.

"ಗೊತ್ತು ತಾಯಿ," ಅಜ್ಜ ತಿರುಗಿ ನೋಡದೆ ಅಂದ. "ಅದಕ್ಕೇ ಕನ್ನಡಕ ಬಿಚ್ಚಿಲ್ಲ."