ಅತ್ತೆ ಒರಗುತ್ತಿದ್ದ ಗೋಡೆ

ಬಾಡಿಗೆ ಮನೆ ಬಿಡುವವರು ಅಲ್ಲಿನ ನೆನಪುಗಳನ್ನೂ ಗೋಡೆಯಲ್ಲೇ ಬಿಟ್ಟು ಹೋಗಬೇಕಿತ್ತು. ಮನೆ ಕೊಂಡವರು ಅವನ್ನು ಉಳಿಸಿಕೊಂಡು ವರ್ಷವರ್ಷ ತೆರಿಗೆ ಕಟ್ಟಬೇಕಿತ್ತು. ಇಂದು ದಾಕ್ಷಾಯಣಿಯ ಬಾಡಿಗೆ ಕರಾರು ಮುಗಿದಿತ್ತು.

“ಬಿಟ್ಟು ಹೋಗ್ರಿ ಅಕ್ಕಾರ, ತಲಿ ಹಗುರ ಆಕ್ಕೈತಿ,” ಎನ್ನುತ್ತ ನಗರಸಭೆಯ ಗುಮಾಸ್ತ ಗೋಡೆಗೆ ನೆನಪು ಅಳೆಯುವ ಮೀಟರು ಹಿಡಿದ. ತೀರಿಹೋದ ಅತ್ತೆಯ ತಲೆಯ ಎಣ್ಣೆಗಲೆ ಇದ್ದಲ್ಲಿ ಮುಳ್ಳು ಸರ್ರನೆ ಏರಿತು. ಅಲ್ಲಿ ಒರಗಿ ಕೂತು, ಅವಲಕ್ಕಿ ತಿನ್ನುತ್ತ, ಅತ್ತೆ ತನ್ನ ಮಗನ ನಡಿಗೆಯನ್ನೇ ಅಣಕಿಸಿ ಸೊಸೆಯನ್ನು ನಗಿಸುತ್ತಿದ್ದಳು. ದಾಕ್ಷಾಯಣಿಯ ಕಣ್ಣು ತುಂಬಿತು.

“ಮನಿ ಕೊಂಡ ಬಿಡ್ತೀನ್ರಿ.”

ಗುಮಾಸ್ತನಿಗೆ ಕನಿಕರವಾಯಿತು. “ಅಳು ಬರೂ ನೆನಪಿಗೆ ತೆರಿಗಿ ಮಾಫಿ ಐತ್ರಿ. ದುಃಖದ್ದು ಅಂತ ಬರೀಲೇನು?”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಬ್ಯಾಡೋ ಯಪ್ಪಾ, ನಮ್ಮತ್ತಿ ಸಿಟ್ಟಿಗೇಳ್ತಾರ. ಸಂತೋಷದ್ದು ಅಂತನ ಬರಿ. ಪೂರಾ ಕಟ್ತೀನಿ.”